ಪಂಪ್‌ಸೆಟ್ ಆಯಿಲ್‌ಗೆ ನೀರು ಎಲ್ಲಿಂದ ಬಂತು?

ಫೆಬ್ರವರಿ ಕೊನೆ ವಾರ. ರೊಬಸ್ಟಾ ಕಾಫಿ ಮೊಗ್ಗು ಕಟ್ಟಿ ನಿಂತಿತ್ತು, ಮಳೆಯ ಸುಳಿವಿರಲಿಲ್ಲ. ಸಿದ್ದಾಪುರದ ಕಡೆ ಇರುವ ನಮ್ಮ ತೋಟದಲ್ಲಿ ಹೂವಿಗೆ ನೀರು ಹೊಡೆಯೋದು ಕೆರೆ ದಂಡೆಯ ಹಳೇ ಡೀಸೆಲ್ ಪಂಪ್‌ಸೆಟ್‌ನಿಂದ. ಒಂದು ಎಕರೆಗೆ 1 ಇಂಚು ನೀರು ಅಂದ್ರೆ ಹೆಚ್ಚುಕಮ್ಮಿ 1 ಲಕ್ಷ ಲೀಟರ್. ಇಡೀ ತೋಟಕ್ಕೆ ಅಷ್ಟು ಎತ್ತಲು ಆ ಇಂಜಿನ್ ದಿನಗಟ್ಟಲೆ ಓಡಬೇಕು.

ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿತ್ತು. ಆಯಿಲ್ ತಾನಾಗಿ ಜಾಸ್ತಿ ಆಗೋದಿಲ್ಲ, ಅಲ್ವಾ? ಡೀಸೆಲ್ ಇಳಿದಿರಬೇಕು, ಇಲ್ಲ ನೀರು. ಡೀಸೆಲ್ ಆದ್ರೆ ಆಯಿಲ್ ತೆಳ್ಳಗಾಗಿ ವಾಸನೆ ಹೊಡೆಯುತ್ತದೆ. ಆ ವಾಸನೆ ಇರಲಿಲ್ಲ.

ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿದೆ. ಮೊದಲು ತುಕ್ಕು ಬಣ್ಣದ ನೀರು ಬಂತು, ಒಂದು ಲೋಟದಷ್ಟು. ಅದರ ಹಿಂದೆಯೇ ಕಪ್ಪು ಆಯಿಲ್. ಎರಡೂ ಬೆರೆತಿರಲಿಲ್ಲ. ಇಲ್ಲೇ ಗಮನ ಇಡಬೇಕು. ಇಂಜಿನ್ ಓಡುವಾಗ ನೀರು ಸೇರಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ಹಾಲು ಕಾಫಿ ಬಣ್ಣ ಮಾಡಿಬಿಡುತ್ತದೆ. ತಳದಲ್ಲಿ ಬೇರೆಯಾಗಿ ಕೂತಿದ್ದರೆ ಅದು ಹೆಚ್ಚಾಗಿ ಇಂಜಿನ್ ನಿಂತಿದ್ದಾಗ ಬಂದ ನೀರು.

ಸೈಲೆನ್ಸರ್ ನೋಡಿದೆ. ಮೇಲೆ ಮುಚ್ಚಿದ್ದ ಡಬ್ಬಿ ಹಾರಿಹೋಗಿತ್ತು. ಜೂನ್‌ನಿಂದ ಸುರಿದ ಮಳೆ ನೇರ ಅದರೊಳಗೆ ಇಳಿದಿದೆ. ಎಕ್ಸಾಸ್ಟ್ ವಾಲ್ವ್ ತೆರೆದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ನೀರು ಸಿಲಿಂಡರಿಗೆ ಹೋಗುತ್ತದೆ, ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ನಿಧಾನವಾಗಿ ಸಂಪ್‌ಗೆ, ಅಂದ್ರೆ ತಳದ ಆಯಿಲ್ ತೊಟ್ಟಿಗೆ. ಇಂಥ ಇಂಜಿನನ್ನು ಒಮ್ಮೆಲೇ ಸ್ಟಾರ್ಟ್ ಮಾಡಬೇಡಿ. ನೀರು ಅದುಮಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ನಾನು ಸಿಲಿಂಡರಿನ ಒತ್ತಡ ಬಿಡುವ ಡೀಕಂಪ್ರೆಶನ್ ಲಿವರ್ ಎತ್ತಿ, ಕೈಯಲ್ಲಿ ನಿಧಾನವಾಗಿ ಹತ್ತಾರು ಸುತ್ತು ತಿರುಗಿಸಿದೆ. ಆಮೇಲೆ ಹೊಸ ಆಯಿಲ್ ಹಾಕಿ ಆರು ಗಂಟೆ ಓಡಿಸಿದೆ.

ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್ ತುದಿಯಲ್ಲಿ ಹಾಲು ಕಾಫಿ. ಹಳೇ ನೀರಿನ ಪಸೆ ಒಳಗೆ ಉಳಿದಿರಬಹುದು ಅಂತ ಇನ್ನೊಮ್ಮೆ ಬದಲಾಯಿಸಿದೆ. ಒಂದು ಸಲಕ್ಕೆ ಮೂರೂವರೆ ಲೀಟರ್. ಮೂರನೇ ದಿನವೂ ಅದೇ ಬಣ್ಣ, ಮಟ್ಟವೂ ಏರಿತ್ತು. ಅಂದ್ರೆ ಮಳೆ ನೀರಿನ ಜೊತೆ ಇನ್ನೊಂದು ದಾರಿಯೂ ಇದೆ.

ಪಕ್ಕದ ತೋಟದ ಮೆಕ್ಯಾನಿಕ್ ಬಂದು ನೋಡಿದ. "ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸೋಣ" ಅಂದ. ಸಿಲಿಂಡರಿನ ಮೇಲಿನ ಮುಚ್ಚಳವೇ ಹೆಡ್, ಅದರ ಕೆಳಗೆ ಸೋರದಂತೆ ಕೂರಿಸುವ ಹಾಳೆ ಗ್ಯಾಸ್ಕೆಟ್. ಇರಬಹುದು. ಆದರೆ ಬಿಚ್ಚಿಬಿಟ್ಟರೆ ನೀರು ಎಲ್ಲಿ ಸೋರುತ್ತಿತ್ತು ಅಂತ ನೋಡುವ ಅವಕಾಶವೇ ಹೋಗುತ್ತದೆ. "ಒಂದು ದಿನ ತಡಿ" ಅಂದೆ.

ನಮ್ಮದು ರೇಡಿಯೇಟರ್ ಇಲ್ಲದ ಇಂಜಿನ್. ಪಂಪ್ ಎತ್ತಿದ ಕೆರೆ ನೀರೇ ಒಂದು ಸಣ್ಣ ಪೈಪಿನಲ್ಲಿ ಇಂಜಿನ್ ಸುತ್ತ ಹರಿದು ಹೊರಗೆ ಹೋಗುತ್ತದೆ. ಹಳೇ ದೋಣಿ ಇಂಜಿನ್‌ಗಳಲ್ಲೂ ಎಷ್ಟೋ ಕಡೆ ಇದೇ ಏರ್ಪಾಡು. ಮೊದಲು ಪಂಪಿನ ಪೈಪು ಬಿಡಿಸಿ, ಮೇಲಿಟ್ಟ ಡ್ರಮ್ಮಿನಿಂದ ನೀರು ಕೊಟ್ಟು, ಹೊರಹೋಗುವ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಓಡಿಸಿದೆ. ಗ್ಯಾಸ್ಕೆಟ್ ಒಡೆದಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ಗುಳ್ಳೆ ಏಳುವುದೇ ಹೆಚ್ಚು. ಒಂದೂ ಏಳಲಿಲ್ಲ.

ಇಂಜಿನ್ ನಿಲ್ಲಿಸಿ, ಆಯಿಲ್ ಪೂರ್ತಿ ಇಳಿಸಿ, ಪಕ್ಕದ ಕ್ರ್ಯಾಂಕ್‌ಕೇಸ್ ಬಾಗಿಲು ಬಿಚ್ಚಿದೆ. ಒಳಗೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ನೀರು ಹೊರಹೋಗುವ ತುದಿಗೆ ಬಿರಡೆ ಹೊಡೆದು, ಡ್ರಮ್ಮನ್ನು 10 ಅಡಿ ಎತ್ತರಕ್ಕೆ ಏರಿಸಿದೆ. ಅಷ್ಟು ಎತ್ತರದ ನೀರು ಸುಮಾರು 4 ಪಿಎಸ್‌ಐ ಒತ್ತಡ ಕೊಡುತ್ತದೆ, ಈ ಪರೀಕ್ಷೆಗೆ ಧಾರಾಳ ಸಾಕು. ಸಂಪ್ ಒಳಗೆ ಹಳೇ ಪೇಪರ್ ಹಾಸಿ ಟಾರ್ಚ್ ಹಿಡಿದು ಕೂತೆ. ಮೊದಲ ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಪಿಸ್ಟನ್ ಓಡಾಡುವ ಕೊಳವೆಯ, ಅಂದ್ರೆ ಲೈನರಿನ, ಕೆಳ ಅಂಚಿನಲ್ಲಿ, ಕೆರೆ ಕಡೆಯ ಬದಿಗೆ, ಒಂದು ಹನಿ ಉಬ್ಬಿ ನಿಂತಿತು. ಟಾರ್ಚ್ ಬೆಳಕಿಗೆ ಮಿನುಗಿ, ನಿಧಾನವಾಗಿ ಉದ್ದವಾಗಿ, ಪೇಪರ್ ಮೇಲೆ ಟಪ್ ಅಂತ ಬಿತ್ತು. ಅದೇ ಜಾಗದಲ್ಲಿ ಇನ್ನೊಂದು ಮೂಡಿತು. ಗಡಿಯಾರ ನೋಡಿದೆ, ಮುಕ್ಕಾಲು ನಿಮಿಷಕ್ಕೊಂದು.

ಲೈನರ್ ಕೆಳಗಿನ ರಬ್ಬರ್ ರಿಂಗ್ ಹೋಗಿತ್ತು. ಲೈನರ್ ಎಳೆಯಲು ಹೆಡ್ಡು, ಪಿಸ್ಟನ್ ಎರಡೂ ಇಳಿಸಲೇಬೇಕಾಯಿತು. ಆದರೆ ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದರೆ ಆ ಹನಿ ಹಾಗೇ ಬೀಳುತ್ತಿತ್ತು. ರಿಂಗ್ ಒಣಗಿ ಪ್ಲಾಸ್ಟಿಕ್ ಥರ ಗಟ್ಟಿಯಾಗಿತ್ತು, ಬಗ್ಗಿಸಿದರೆ ಮುರಿಯಿತು. ಅದು ಕೂರುವ ಗ್ರೂವ್‌ನಲ್ಲಿ ತುಕ್ಕು ಕಟ್ಟಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ರಿಂಗಿಗೆ ಸೋಪು ನೀರು ಸವರಿ ಕೂರಿಸಿದೆವು. ತಿರುಚಿ ಕೂತರೆ ಮತ್ತೆ ಸೋರುತ್ತದೆ, ಹಾಗಾಗಿ ಬೆರಳಲ್ಲಿ ಸುತ್ತಲೂ ಸವರಿ ನೋಡಬೇಕು. ಎಲ್ಲ ಜೋಡಿಸಿ, ಆಯಿಲ್ ಹಾಕುವ ಮೊದಲು ಅದೇ ಡ್ರಮ್ಮು, ಅದೇ ಪೇಪರ್, ಇಡೀ ರಾತ್ರಿ ಬಿಟ್ಟೆವು. ಬೆಳಿಗ್ಗೆ ಪೇಪರ್ ಒಣಗೇ ಇತ್ತು.

ಒಂದು ದಿನ ಓಡಿಸಿ ಆಯಿಲ್ ಮತ್ತೊಮ್ಮೆ ಬದಲಾಯಿಸಿದೆ. ಒಳಗೆ ಪಸೆ ಉಳಿದಿದೆಯಾ ಅಂತ ತಿಳಿಯಲು ಅಡುಗೆಗೆ ಬಳಸದ ಹಳೇ ತವಾ ಕಾಯಿಸಿ, ಒಂದು ಕಡೆ ಇಂಜಿನ್ ಆಯಿಲ್, ಇನ್ನೊಂದು ಕಡೆ ಡಬ್ಬದ ಹೊಸ ಆಯಿಲ್ ಒಂದೊಂದು ಹನಿ ಬಿಟ್ಟೆ. ಮುಖ ದೂರ ಇಟ್ಟುಕೊಳ್ಳಿ, ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಎರಡೂ ಸದ್ದಿಲ್ಲದೆ ಹರಡಿದವು. ಅವತ್ತು ಮಧ್ಯಾಹ್ನವೇ ಕೆರೆಯ ಮೇಲಿನ ಬ್ಲಾಕಿಗೆ ನೀರು ಚಿಮ್ಮಿಸುವ ಜೆಟ್ ಹಚ್ಚಿದೆವು.