‘ಇವತ್ತು ಮಾತ್ರ’ ಬೋರ್ಡಿನ ಕೆಳಗೆ

ದಸರಾದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಾನು ನಮ್ಮ ಟಿವಿ-ಫ್ರಿಜ್ ಅಂಗಡಿಯ ಗೋಡೌನಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬಾಕ್ಸ್ ಎಣಿಸುತ್ತಿದ್ದೆ. 43 ಇಂಚಿನ ಟಿವಿ, ಬಾಕ್ಸಿನ ಮೇಲೆ 108 ಸೆಂ.ಮೀ. ಅಂತ ಬರೆದಿರುತ್ತದಲ್ಲ, ಅದು. ಒಟ್ಟು ಹನ್ನೆರಡು. ಇನ್ನೊಂದು ಸಲ ಎಣಿಸಿದೆ, ಹನ್ನೆರಡೇ. ಅಷ್ಟು ಹೊತ್ತಿಗೆ ಮುಂಬಯಿಯ ಮುಲುಂಡ್ ಪಶ್ಚಿಮದ ಪೇಪರ್ ಹಾಕುವ ಹುಡುಗರ ಕೈಗೆ ನಮ್ಮ ಎಂಟು ಸಾವಿರ ಪಾಂಪ್ಲೆಟ್ ಸೇರಿಯಾಗಿತ್ತು. ಅದರ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಆ ಟಿವಿಯ ರೇಟ್, 17,990. ತೀರಾ ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿ, ‘ಸ್ಟಾಕ್ ಇರುವ ತನಕ’.

ಅಂಗಡಿಯ ಮಾಲೀಕರಾದ ಸೇಠರಿಗೆ ಫೋನ್ ಹಚ್ಚಿದೆ. ‘ಹನ್ನೆರಡು ಸಾಕು. ಟಿವಿ ನೋಡಲಿಕ್ಕೆ ಬಂದವರು ಬೇರೇನಾದರೂ ಒಯ್ಯುತ್ತಾರೆ’ ಅಂದರು. ವ್ಯಾಪಾರದ ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಆದರೆ ಬಾಗಿಲಲ್ಲಿ ನಿಂತು ಬೈಗುಳ ತಿನ್ನುವವನು ನಾನು.

ನಾನು ಕುಂದಾಪುರ ಕಡೆಯವನು. ಮುಂಬಯಿಗೆ ಬಂದ ಮೊದಲ ವರ್ಷಗಳು ಎಲ್ಲರ ಹಾಗೆ ಹೋಟೆಲಿನಲ್ಲೇ ಕಳೆದವು. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಆಮೇಲೆ ಟೆಂಪೋದಲ್ಲಿ ಫ್ರಿಜ್ ಇಳಿಸುವ ಕೆಲಸ, ಅಲ್ಲಿಂದ ಈ ಅಂಗಡಿಯ ಫ್ಲೋರ್. 2006ರ ಜನವರಿ 26ಕ್ಕೆ ಬಿಗ್ ಬಜಾರಿನವರು ‘ಸಬ್‌ಸೆ ಸಸ್ತಾ ದಿನ್’ ಮಾಡಿದಾಗ ನಾನಿನ್ನೂ ಟೆಂಪೋದಲ್ಲಿದ್ದೆ. ಆ ದಿನ ನುಗ್ಗಿದ ಜನರನ್ನು ಕಂಡ ಮೇಲೆ ಮುಂಬಯಿಯ ಅಂಗಡಿಯವರಿಗೆಲ್ಲ ‘ಒಂದು ದಿನ’ ಎಂಬ ಮಾತಿನ ರುಚಿ ಹತ್ತಿತು. ಅವರದೇ ಸೇಲ್ ಮುಂದಿನ ವರ್ಷಗಳಲ್ಲಿ ಒಂದು ದಿನ ಹೋಗಿ ಹಲವು ದಿನ ಆಯಿತು. 2014ರ ಅಕ್ಟೋಬರ್ 6ಕ್ಕೆ ಫ್ಲಿಪ್‌ಕಾರ್ಟಿನ ‘ಬಿಗ್ ಬಿಲಿಯನ್ ಡೇ’ ಶುರುವಾದದ್ದೂ ಒಂದೇ ದಿನದ್ದಾಗಿ. ಈಗ ಅದೂ ವಾರಗಟ್ಟಲೆ. ಆ ವರ್ಷದಿಂದಲೇ ಗಿರಾಕಿಗಳು ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಅಂಗಡಿಗೆ ಬರುವುದು ಶುರುವಾಯಿತು.

2025ರ ದಸರಾ ಅಕ್ಟೋಬರ್ 2, ಗುರುವಾರ. ಮಹಾರಾಷ್ಟ್ರದಲ್ಲಿ ದಸರಾ ಅಂದರೆ ಬರೀ ರಜೆಯಲ್ಲ, ಸಾಡೇತೀನ್, ಅಂದರೆ ಮೂರೂವರೆ, ಶುಭ ಮುಹೂರ್ತಗಳಲ್ಲಿ ಒಂದು. ಗುಢಿಪಾಡವಾ, ಅಕ್ಷಯ ತೃತೀಯಾ, ದಸರಾ ಮೂರು ಪೂರ್ತಿ. ದೀಪಾವಳಿ ಪಾಡ್ಯ ಅರ್ಧ. ಆ ದಿನ ಮನೆಗೆ ಹೊಸ ವಸ್ತು ಬರಬೇಕು. ‘ಬುಕ್ ಮಾಡಿದ್ದೀರಿ, ನಾಳೆ ಕಳಿಸುತ್ತೇವೆ’ ಅಂದರೆ ಆಗುವುದಿಲ್ಲ. ವಸ್ತು ಆ ದಿನವೇ ಹೊಸಿಲು ದಾಟಬೇಕು, ಕುಂಕುಮದ ಸ್ವಸ್ತಿಕ ಬೀಳಬೇಕು.

ಹನ್ನೆರಡು ಟಿವಿಗೆ ನಾನು ಮಾಡಿದ್ದು ಇಷ್ಟೇ. ಬಿಲ್ ಪುಸ್ತಕದ ಹಿಂದಿನ ಖಾಲಿ ಹಾಳೆ ಹರಿದು ಹನ್ನೆರಡು ಚೀಟಿ ಮಾಡಿದೆ, ಒಂದೊಂದಕ್ಕೂ ಅಂಗಡಿಯ ಸಿಕ್ಕಾ ಒತ್ತಿದೆ. ಬೆಳಿಗ್ಗೆ ಎಂಟಕ್ಕೆ, ಶಟರ್ ಎತ್ತುವ ಮೊದಲೇ ಹೊರಗೆ ಹೋಗಿ ಸಾಲಿನಲ್ಲಿ ನಿಂತವರಿಗೆ ಹಂಚಿದೆ. ಹಿಂದೊಂದು ಜನವರಿಯ ಸೇಲಿನಲ್ಲಿ ಹೀಗೆ ಮಾಡದೆ ಶಟರ್ ಎತ್ತಿದ್ದಕ್ಕೆ ಮುಂದಿನ ಗಾಜು ಒಡೆದಿತ್ತು, ನನ್ನ ಮೊಣಕೈಯ ಗೀರು ಇನ್ನೂ ಹೋಗಿಲ್ಲ.

ಹದಿಮೂರನೆಯವರು ರಾತ್ರಿ ಪಾಳಿ ಮುಗಿಸಿ ಸ್ಟೇಷನ್ನಿಂದ ನೇರ ಬಂದವರು. ಕೈಯಲ್ಲಿ ಸ್ಟೀಲ್ ಡಬ್ಬಿಯ ಚೀಲ, ಅಂಗಿಯ ಕಾಲರಿನ ಒಳಗೆ ಕರ್ಚೀಫು. ‘ಕಾಕಾ, ಹನ್ನೆರಡೇ ಇದ್ದದ್ದು, ನಿಮ್ಮ ಎದುರೇ ಮುಗಿಯಿತು’ ಅಂದೆ. ಅವರು ನನ್ನ ಕೈಯನ್ನೊಮ್ಮೆ ನೋಡಿದರು, ಹಿಂದೆ ನಿಂತವರನ್ನೊಮ್ಮೆ ನೋಡಿದರು. ‘ಠೀಕ್ ಆಹೆ’ ಅಂದು ಚಹಾ ಕುಡಿಯಲು ಹೋದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಅದೇ ಹನ್ನೊಂದೂವರೆಗೆ ಬಂದು, ನೂಕುನುಗ್ಗಲಲ್ಲಿ ಮುಕ್ಕಾಲು ಗಂಟೆ ಬೆವತು, ಕೌಂಟರಿಗೆ ಮುಟ್ಟಿದ ಮೇಲೆ ‘ಖಾಲಿ’ ಎಂಬ ಮಾತು ಕೇಳಿದ ಒಬ್ಬರು ಪಾಂಪ್ಲೆಟನ್ನು ಉಂಡೆ ಮಾಡಿ ಕ್ಯಾಶಿಯರ್ ಹುಡುಗಿಯ ಮೇಲೆ ಎಸೆದರು. ಇಬ್ಬರಿಗೂ ಸಿಗದೆ ಹೋದದ್ದು ಒಂದೇ ಟಿವಿ. ‘ಇಲ್ಲ’ ಅನ್ನುವ ಮಾತನ್ನು ಬಾಗಿಲ ಹೊರಗೆ ಹೇಳಿದರೆ ಅದು ಸುದ್ದಿ, ಒಳಗೆ ಹೇಳಿದರೆ ಮೋಸ. ಮಧ್ಯಾಹ್ನ ಒಂದು ರಟ್ಟಿನ ಮೇಲೆ ‘17,990 ಟಿವಿ ಮುಗಿದಿದೆ’ ಅಂತ ಮರಾಠಿ, ಹಿಂದಿ ಎರಡರಲ್ಲೂ ಬರೆದು ಹೊರಗೆ ಕಟ್ಟಿದೆ. ಸೇಠರಿಗೆ ಅದು ಹಿಡಿಸಲಿಲ್ಲ. ಆದರೆ ಆಮೇಲೆ ಕೌಂಟರಿನಲ್ಲಿ ಜಗಳ ನಿಂತಿತು.

ಆ ಸಲದ ದೊಡ್ಡ ತಲೆನೋವು ಟಿವಿಯಲ್ಲ, ಜಿಎಸ್‌ಟಿ. ಆಗಸ್ಟ್ 15ರ ಕೆಂಪು ಕೋಟೆಯ ಭಾಷಣದಲ್ಲಿ ದೀಪಾವಳಿಗೆ ತೆರಿಗೆ ಇಳಿಯುತ್ತದೆ ಅಂತ ಪ್ರಧಾನಿ ಹೇಳಿದ್ದೇ ತಡ, ನಮ್ಮ ಎಸಿ ಕೌಂಟರಿಗೆ ಬೀಗ ಹಾಕಿದ ಹಾಗಾಯಿತು. ಗಣಪತಿ ಹಬ್ಬವೂ ತಣ್ಣಗೆ. ಬಂದವರೆಲ್ಲ ನೋಡುವುದು, ಫೋಟೋ ತೆಗೆಯುವುದು, ‘ಕಮಿ ಝಾಲ್ಯಾವರ್ ಯೇತೋ’, ಕಡಿಮೆ ಆದ ಮೇಲೆ ಬರುತ್ತೇನೆ, ಅನ್ನುವುದು. ಸೆಪ್ಟೆಂಬರ್ 22ಕ್ಕೆ, ನವರಾತ್ರಿ ಶುರುವಾಗುವ ಘಟಸ್ಥಾಪನೆಯ ದಿನವೇ, ಎಸಿ ಮತ್ತು 32 ಇಂಚಿಗಿಂತ ದೊಡ್ಡ ಟಿವಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ತಡೆದಿಟ್ಟ ನೀರು ಒಮ್ಮೆಲೇ ಬಿಟ್ಟ ಹಾಗೆ ಜನ ಬಂದರು. ಬರುವಾಗ ತಲೆಯಲ್ಲಿ ಎರಡು ಲೆಕ್ಕ ಹೊತ್ತುಕೊಂಡು ಬಂದಿದ್ದರು, ಎರಡೂ ತಪ್ಪು.

ಒಂದು, ಎಲ್ಲ ಸಾಮಾನೂ ಇಳಿದಿದೆ ಅನ್ನುವುದು. ಫ್ರಿಜ್, ವಾಷಿಂಗ್ ಮಷೀನ್ 2018ರಿಂದಲೇ 18ರಲ್ಲಿದ್ದವು, ಮೊಬೈಲ್ 2020ರಿಂದ. ಅವು ಇಳಿಯಲು ಏನೂ ಉಳಿದಿರಲಿಲ್ಲ. ‘ಟಿವಿ ಇಳಿಯಿತು, ಫ್ರಿಜ್ ಯಾಕಿಲ್ಲ? ನೀವೇ ನುಂಗಿದ್ದೀರಿ’ ಅಂತ ದಸರಾ ದಿನ ನಾನು ಕೇಳಿಸಿಕೊಂಡದ್ದು ಎಷ್ಟು ಸಲವೋ. ಇನ್ನೊಂದು, ಹತ್ತು ಶೇಕಡಾ ಅಂದರೆ ಬೆಲೆಯ ಹತ್ತು ಶೇಕಡಾ ಅನ್ನುವುದು. 32,000ದ ಎಸಿ 28,800 ಆಗಬೇಕು, ನೀವು 29,500 ಹೇಳುತ್ತೀರಿ, 700 ಎಲ್ಲಿ? ಬಾಯಲ್ಲಿ ವಿವರಿಸಿದರೆ ಯಾರೂ ಒಪ್ಪುವುದಿಲ್ಲ. ಕ್ಯಾಲ್ಕುಲೇಟರನ್ನು ಅವರ ಕೈಗೇ ಕೊಟ್ಟೆ. ‘25,000 ಒತ್ತಿ. ಅದಕ್ಕೆ 28 ಶೇಕಡಾ ಸೇರಿಸಿ. ಎಷ್ಟು? 32,000. ಈಗ ಪುನಃ 25,000 ಒತ್ತಿ, 18 ಸೇರಿಸಿ.’ 29,500 ಅಂತ ಪರದೆ ತೋರಿಸಿದಾಗ ಮುಖದಲ್ಲಿ ಒಂಥರಾ ಬೇಸರದ ಒಪ್ಪಿಗೆ. ಲೆಕ್ಕ ತಾನೇ ಒತ್ತಿದ್ದು, ಯಾರ ಜೊತೆ ಜಗಳ ಮಾಡುವುದು? ಬಾಕ್ಸಿನ ಮೇಲೆ ಹಳೆ ಎಂಆರ್‌ಪಿ, ಪಕ್ಕದಲ್ಲಿ ಹೊಸ ಸ್ಟಿಕ್ಕರ್ ಇದ್ದದ್ದಕ್ಕೂ ಇದೇ ಕತೆ. ಕೆಲವರು ಉಗುರಿನಿಂದ ಸ್ಟಿಕ್ಕರ್ ಕೆರೆದು ನೋಡಿದರು.

ಇನ್ನು ‘ನೋ ಕಾಸ್ಟ್ ಇಎಂಐ’, ಬಡ್ಡಿಯಿಲ್ಲದ ಕಂತು ಅಂತ. ಈ ಮೂರು ಶಬ್ದ ಕಂಡುಹಿಡಿದವನ ಬುದ್ಧಿಗೆ ಕೈಮುಗಿಯಬೇಕು. ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಡಿಸ್ಕೌಂಟ್ ಅಂತ ಬೆಲೆಯಲ್ಲಿ ಕಳೆದು ತೋರಿಸುತ್ತಾರೆ, ಅಷ್ಟೆ. ಬಡ್ಡಿ 2,000 ಆದರೆ ಅದರ ಮೇಲಿನ 18 ಶೇಕಡಾ ಜಿಎಸ್‌ಟಿ, 360 ರೂಪಾಯಿ, ಗಿರಾಕಿಯ ತಲೆ ಮೇಲೆ. ಪ್ರೊಸೆಸಿಂಗ್ ಫೀಸ್ ಬೇರೆ. ಕಾರ್ಡಿನ ‘ಹತ್ತು ಶೇಕಡಾ ತಕ್ಷಣ ಕಡಿತ’ಕ್ಕೂ ಒಂದು ಮಿತಿ ಇರುತ್ತದೆ, ಅದು ಪಾಂಪ್ಲೆಟಿನ ಇರುವೆ ಅಕ್ಷರದಲ್ಲಿ. ಎಸಿಗಂತೂ ಹೊರಗಿನ ಯೂನಿಟ್ಟಿನ ಸ್ಟ್ಯಾಂಡ್, ಹೆಚ್ಚಿಗೆ ಬೇಕಾದ ತಾಮ್ರದ ಪೈಪು, ಎಲ್ಲಕ್ಕೂ ಬೇರೆ ದುಡ್ಡು. ಫಿಟ್ಟಿಂಗಿಗೆ ಬಂದ ಹುಡುಗ ಮನೆಯಲ್ಲಿ ನಿಂತು ಇದನ್ನು ಹೇಳಿದಾಗಲೇ ಗಿರಾಕಿಗೆ ಗೊತ್ತಾಗುವುದು, ಆಗ ಫೋನ್ ಬರುವುದು ನನಗೆ.

ಅದಕ್ಕೆ ಕಳೆದ ಮೂರು ವರ್ಷದಿಂದ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಬಿಲ್ ಮಾಡುವ ಮೊದಲು ಪಾಂಪ್ಲೆಟಿನ ಹಿಂಬದಿ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆಯುತ್ತೇನೆ: ವಸ್ತು ಇಷ್ಟು, ಸ್ಟ್ಯಾಂಡ್ ಇಷ್ಟು, ಪೈಪು ಅಡಿಗೆ ಇಷ್ಟು, ಫೀಸ್ ಇಷ್ಟು, ಒಟ್ಟು ಕೈಯಿಂದ ಹೋಗುವುದು ಇಷ್ಟು. ಕೆಳಗೆ ಸಹಿ. ಹತ್ತರಲ್ಲಿ ಒಬ್ಬಿಬ್ಬರು ಒಟ್ಟು ನೋಡಿ ಎದ್ದು ಹೋಗುತ್ತಾರೆ. ಸೇಠರ ಮುಖ ಸಣ್ಣದಾಗುತ್ತದೆ. ಉಳಿದವರು ‘ಅಜೂನ್ ಕಾಹೀ ಕಮಿ ಹೋಯೀಲ್ ಕಾ?’, ಇನ್ನೂ ಏನಾದರೂ ಕಡಿಮೆ ಆಗುತ್ತದಾ, ಅಂತ ಒಂದು ಸಲ ಕೇಳಿ ಕಾರ್ಡ್ ತೆಗೆಯುತ್ತಾರೆ. ಅದನ್ನು ಕೇಳದಿದ್ದರೆ ಅವರಿಗೂ ತೃಪ್ತಿ ಇಲ್ಲ.

ಮಧ್ಯಾಹ್ನ ಮೂರರ ಮೇಲೆ ಡೆಲಿವರಿಯ ಗೋಳು. ನಾಲ್ಕು ಟೆಂಪೋ, ಅರವತ್ತಕ್ಕೂ ಹೆಚ್ಚು ಮನೆ, ಎಲ್ಲರಿಗೂ ಸೂರ್ಯ ಮುಳುಗುವ ಮೊದಲು ಬೇಕು. ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಗೆ 55 ಇಂಚಿನ ಟಿವಿ. ಲಿಫ್ಟ್ ಇಲ್ಲ. ಎರಡನೇ ತಿರುವಿನಲ್ಲಿ ಬಾಕ್ಸ್ ಸಿಕ್ಕಿಹಾಕಿಕೊಂಡಿತು. ಅಡ್ಡ ಮಲಗಿಸಿದರೆ ತಿರುಗುತ್ತದೆ, ಆದರೆ ಪ್ಯಾನೆಲ್ ಮಲಗಿಸಬಾರದು, ಒಡೆದರೆ ನಮ್ಮ ಮೈಮೇಲೆ. ಹುಡುಗರು ವಿಡಿಯೋ ಕಾಲ್ ಮಾಡಿದರು. ಪರದೆಯಲ್ಲಿ ಬಾಕ್ಸ್, ಅದರ ಹಿಂದೆ ಆರತಿ ತಟ್ಟೆ ಹಿಡಿದು ಮೆಟ್ಟಿಲಲ್ಲೇ ನಿಂತ ಮನೆಯಾಕೆ. ‘ತಾಯಿ, ಬಾಕ್ಸ್ ಇಲ್ಲೇ ಬಿಚ್ಚಿ ಬರೀ ಟಿವಿ ಒಯ್ಯುತ್ತೇವೆ, ಆಗಬಹುದಾ?’ ಅಂತ ಕೇಳಿಸಿದೆ. ಆಕೆ ಒಂದು ಕ್ಷಣ ಯೋಚಿಸಿ, ಆ ತಿರುವಿನಲ್ಲೇ ಥರ್ಮೊಕೋಲಿನ ಮೇಲೆ ಸ್ವಸ್ತಿಕ ಬರೆದು, ಹೂವಿಟ್ಟು, ‘ಆತಾ ಉಘಡಾ’, ಈಗ ಬಿಚ್ಚಿ, ಅಂದರು. ಆ ಇಡೀ ದಿನದಲ್ಲಿ ನನಗೆ ನಗು ಬಂದದ್ದು ಅದೊಂದೇ ಹೊತ್ತು.

ಸಂಜೆ ಐದರ ಹೊತ್ತಿಗೆ ನಮ್ಮ ಕಡೆಯ ಒಬ್ಬರು ಅಮ್ಮ ಬಂದರು. ನಾನು ಫೋನಿನಲ್ಲಿ ಊರಿನ ಭಾಷೆ ಮಾತಾಡಿದ್ದು ಕೇಳಿ ನೇರ ನನ್ನ ಹತ್ತಿರವೇ ಬಂದದ್ದು. ಬೇಕಾದದ್ದು ವಾಷಿಂಗ್ ಮಷೀನ್. ಸ್ಟಾರ್ ಎಷ್ಟು, ಕೆಜಿ ಎಷ್ಟು ಅಂತೇನೂ ಕೇಳಲಿಲ್ಲ. ಟಾಪ್ ಲೋಡಿನ ಮುಚ್ಚಳ ಎತ್ತಿ, ಬಳೆ ಮೇಲೆ ಸರಿಸಿ, ಕಂಕುಳ ತನಕ ಕೈ ಇಳಿಸಿದರು. ತಳ ಸಿಗಲಿಲ್ಲ. ‘ಕಾಲ್ಚೀಲ ಅಡಿಗ್ ಬಿದ್ರೆ ತೆಗುದ್ ಯಾರ್ ಮಗಾ?’ ಅಂದರು. ಇಷ್ಟು ವರ್ಷದಲ್ಲಿ ನನಗೆ ಹೊಳೆಯದೆ ಇದ್ದ ಪ್ರಶ್ನೆ. ಫ್ರಂಟ್ ಲೋಡ್ ತೋರಿಸಿದರೆ ಮಂಡಿ ಬಗ್ಗುವುದಿಲ್ಲ. ಗಿಡ್ಡ ಮಾಡೆಲ್ ಒಂದು ಹಿಡಿಸಿತು, ಆದರೆ ಮಗ ಇಲ್ಲದೆ ತೆಗೆದುಕೊಳ್ಳಲು ಧೈರ್ಯವಿಲ್ಲ. ಮಗ ಭಾನುವಾರ ಬರುವುದು. ‘ಇವತ್ತೇ ಕಡೆಯಾ? ನಾಳಿಗ್ ರೇಟ್ ಏರ್ತಾ?’

ಸುತ್ತ ನೋಡಿಕೊಂಡು ಮೆಲ್ಲಗೆ ಹೇಳಿದೆ, ‘ಇಲ್ಲ ಅಮ್ಮ, ದೀಪಾವಳಿ ತನಕ ಹೆಚ್ಚುಕಡಿಮೆ ಇದೇ ರೇಟ್ ಇರ್ತದೆ. ಮಗನನ್ನೇ ಕರಕೊಂಡು ಬನ್ನಿ.’

ಅದು ನಿಜವೇ. ಹಬ್ಬದ ರೇಟನ್ನು ಕಂಪನಿಗಳು ಒಂದು ದಿನಕ್ಕೆ ಅಂತ ಕೊಡುವುದು ಅಪರೂಪ. ಆದರೆ ಆ ದಿನ ಬೆಳಿಗ್ಗೆಯಿಂದ ನಾನು ಇದನ್ನು ಹೇಳಿದ್ದು ಅವರೊಬ್ಬರಿಗೇ. ಉಳಿದವರು ಕೇಳಿದಾಗ ಬಾಗಿಲ ಮೇಲಿನ ‘ಇವತ್ತು ಮಾತ್ರ’ ಬೋರ್ಡಿನ ಕಡೆ ಕೈ ತೋರಿಸಿದ್ದೆ. ಚಹಾ ಕುಡಿದು ವಾಪಸು ಬಂದ ಆ ಹದಿಮೂರನೆಯ ಕಾಕಾ ಕೂಡ ಕೇಳಿದ್ದರು. ಅವರು ಕೊನೆಗೆ 21,990ರ ಬೇರೆ 43 ಇಂಚು ಒಯ್ದರು.

ಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಲಾರಿ ಬಂತು. ಅದೇ 43 ಇಂಚು, ಅದೇ 17,990ಕ್ಕೆ ಮಾರುವಂಥದ್ದು, ಇಪ್ಪತ್ತು ಬಾಕ್ಸ್. ಸೇಠರು ಖುಷಿಯಲ್ಲಿ ‘ಬೋರ್ಡ್ ಇಳಿಸಬೇಡ’ ಅಂದರು. ಇಳಿಸಲಿಲ್ಲ.

ಶನಿವಾರ ಕಾಕಾ ಬಂದರು, ಗೋಡೆಗೆ ಹಾಕುವ ಬ್ರಾಕೆಟ್ ಕೇಳಲು. ಅಂಗಿಯ ಜೇಬಿನಲ್ಲಿ ದಸರಾದ ಆಪಟೆ ಎಲೆ ಇನ್ನೂ ಇತ್ತು, ಬಾಡಿತ್ತು. ಬಾಗಿಲಲ್ಲಿ ಜೋಡಿಸಿಟ್ಟ ಬಾಕ್ಸುಗಳ ಮೇಲಿನ ರೇಟ್ ಓದಿದರು. ತಲೆಯೆತ್ತಿ ‘ಫಕ್ತ ಆಜ್’ ಅಂತಿದ್ದ ಬೋರ್ಡ್ ಓದಿದರು. ಕೂಗಾಡುತ್ತಾರೆ ಅಂದುಕೊಂಡೆ, ಕೂಗಾಡಿದ್ದರೆ ಒಳ್ಳೆಯದಿತ್ತು.

‘ಆಜ್ ಪಣ್ ಫಕ್ತ ಆಜಚ್ ಕಾ?’ ಅಂದರು. ಇವತ್ತೂ ‘ಇವತ್ತು ಮಾತ್ರ’ವೇ?

ಬ್ರಾಕೆಟ್ಟನ್ನು ನನ್ನ ಲೆಕ್ಕಕ್ಕೆ ಬರೆಸಿ ಕೊಟ್ಟೆ. ಅವರು ಬೇಡವೆಂದರು, ನಾನು ಚೀಲಕ್ಕೆ ಹಾಕಿದೆ. ಸೇಠರು ಊಟಕ್ಕೆ ಹೋಗಿದ್ದರು. ಪ್ಲಾಸ್ಟಿಕ್ ಸ್ಟೂಲ್ ಎಳೆದು ಹತ್ತಿ ಬೋರ್ಡಿನ ಒಂದು ಬದಿಯ ಹಗ್ಗ ಬಿಚ್ಚಿದೆ. ಇನ್ನೊಂದು ಬದಿಗೆ ಕೈ ಚಾಚುವಾಗ ಸ್ಟೂಲ್ ಅಲುಗಿತು. ಕೆಳಗೆ ನೋಡಿದರೆ ಕಾಕಾ ಚೀಲವನ್ನು ನೆಲಕ್ಕಿಟ್ಟು ಎರಡೂ ಕೈಯಲ್ಲಿ ಸ್ಟೂಲ್ ಹಿಡಿದುಕೊಂಡಿದ್ದರು.