ಮಳೆ ಹಿಡಿಯುವ ಮುನ್ನ ಮನೆಯ ಬ್ಯಾಟರಿಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಸೆಲ್ಲುಗಳ ಪೊಟ್ಟಣದ ಮೇಲೆ ‘ತಂಪಾದ, ಒಣಗಿದ ಜಾಗದಲ್ಲಿಡಿ’ ಎಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ಬಯಲುಸೀಮೆಯ ಮನೆಯಲ್ಲಿ ಒಣ ಜಾಗ ಎಲ್ಲೆಂದರಲ್ಲಿ ಸಿಗುತ್ತದೆ, ತಂಪನ್ನು ಮಾತ್ರ ಹುಡುಕಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಇದು ತಿರುವುಮುರುವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ, ಪುನರ್ವಸು ಮಳೆಗಳು ಸುರಿಯುವಾಗ ಗೋಡೆಗೆ ಒರಗಿಸಿದ ಚಾಪೆಗೂ ಬೂಷ್ಟು ಹಿಡಿಯುತ್ತದೆ. ಒಣ ಜಾಗವೆಂದರೆ ಒಲೆಯ ಮೇಲಿನ ಅಟ್ಟವೊಂದೇ, ಆದರೆ ಅಲ್ಲಿ ಬಿಸಿ. ಕರೆಂಟು ದಿನಗಟ್ಟಲೆ ಹೋಗುವ ಈ ಸೀಮೆಯಲ್ಲಿ ಟಾರ್ಚು, ರೇಡಿಯೊ, ಇನ್ವರ್ಟರುಗಳೇ ಆಸರೆಯಾಗಿರುವುದರಿಂದ, ಪೊಟ್ಟಣದ ಮೇಲಿನ ಆ ಎರಡು ಮಾತುಗಳನ್ನು ಒಟ್ಟಿಗೆ ಪಾಲಿಸುವ ದಾರಿಯನ್ನು ಮೃಗಶಿರ ಮಳೆ ಹಿಡಿಯುವುದಕ್ಕೆ ಮೊದಲೇ ಕಂಡುಕೊಳ್ಳಬೇಕು.

ಎಲ್ಲಿಡಬೇಕು, ಎಲ್ಲಿಡಬಾರದು

ಮೊದಲು ಅಟ್ಟದ ಮಾತು. ಹಪ್ಪಳ, ಬೀಜದ ಭತ್ತ, ಉಪ್ಪಿನಕಾಯಿ ಜಾಡಿಗಳಿಗೆ ಹೊಗೆಯಟ್ಟ ಒಳ್ಳೆಯ ಜಾಗ, ಸೆಲ್ಲಿಗೆ ಅಲ್ಲ. ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ಬಳಸದೆ ಇಟ್ಟಾಗಲೂ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಳ್ಳೆಯ ಆಲ್ಕಲೈನ್ ಸೆಲ್ ವರ್ಷಕ್ಕೆ ತನ್ನ ಶಕ್ತಿಯ ಶೇಕಡಾ 2ರಿಂದ 3ರಷ್ಟನ್ನು ಮಾತ್ರ ಕಳೆದುಕೊಳ್ಳುತ್ತದೆ. ಬಿಸಿ ಏರಿದಂತೆ ಈ ನಷ್ಟ ಬೇಗಬೇಗ ಹೆಚ್ಚುತ್ತದೆ, ಬಾಯಿ ಮುಚ್ಚಿದ ಬಿರಡೆಯೂ ಸಡಿಲಗೊಂಡು ಒಳಗಿನ ದ್ರವ ಸೋರಲು ದಾರಿಯಾಗುತ್ತದೆ.

ಹಾಗಾದರೆ ಫ್ರಿಜ್ಜಿನಲ್ಲಿಡೋಣ ಎಂದು ಹಲವರು ಯೋಚಿಸುತ್ತಾರೆ. ಹಳೆಯ ಕಾಲದ ಈ ಸಲಹೆಯನ್ನು ಮಲೆನಾಡಿನಲ್ಲಿ ಖಂಡಿತ ಕೈಬಿಡಬೇಕು. ವರ್ಷಕ್ಕೆ ಶೇಕಡಾ 2–3ರ ನಷ್ಟವನ್ನು ಇನ್ನಷ್ಟು ಇಳಿಸಿ ಗಳಿಸುವುದು ಅತ್ಯಲ್ಪ. ಆದರೆ ತಣ್ಣಗಿನ ಸೆಲ್ಲನ್ನು ಮಳೆಗಾಲದ ಒದ್ದೆ ಗಾಳಿಗೆ ತೆಗೆದ ಕೂಡಲೇ ಅದರ ಮೈಮೇಲೆ ನೀರು ಹನಿಗಟ್ಟುತ್ತದೆ. ಆ ನೀರು ತುದಿಯ ಲೋಹಕ್ಕೆ ತಾಗಿ ತುಕ್ಕು ಶುರುವಾಗುತ್ತದೆ. ಉಳಿಸಲು ಹೊರಟದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಗುತ್ತದೆ.

ಸರಿಯಾದ ಕ್ರಮ ಸರಳವಾಗಿದೆ. ಬಿಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಒಣಬಟ್ಟೆಯಿಂದ ಒರೆಸಿ, ಮೇ ತಿಂಗಳ ಬಿಸಿಲಿರುವ ದಿನವೇ ಸೆಲ್ಲುಗಳನ್ನು ಅವುಗಳ ಮೂಲ ಪೊಟ್ಟಣದ ಸಮೇತ ಅದರಲ್ಲಿಡಿ. ಆ ದಿನ ಡಬ್ಬಿಯೊಳಗೆ ಸೇರುವ ಗಾಳಿಯೂ ಒಣಗಿರುತ್ತದೆ ಎಂಬುದೇ ಇದರ ಗುಟ್ಟು. ಜುಲೈಯಲ್ಲಿ ಮುಚ್ಚಿದ ಡಬ್ಬಿ ಎಷ್ಟೇ ಬಿಗಿಯಾಗಿದ್ದರೂ ತೇವವನ್ನು ಒಳಗೇ ಕೂಡಿಹಾಕುತ್ತದೆ. ಜೊತೆಗೆ ಸಿಲಿಕಾ ಜೆಲ್‌ನ ಒಂದೆರಡು ಪುಟ್ಟ ಚೀಲಗಳನ್ನು ಹಾಕಬಹುದು. ತೇವ ಕುಡಿದು ದಣಿದ ಸಿಲಿಕಾ ಜೆಲ್ ಬಿಸಿಲಿಗಿಟ್ಟರೆ ಪೂರ್ತಿ ಒಣಗುವುದಿಲ್ಲ, ಅದಕ್ಕೆ ಸುಮಾರು 120 ಡಿಗ್ರಿಯ ಶಾಖ ಬೇಕು. ಆದ್ದರಿಂದ ವರ್ಷಕ್ಕೊಮ್ಮೆ ಹೊಸದನ್ನು ಹಾಕುವುದೇ ಮೇಲು. ಅದರ ಬದಲು ಉಪ್ಪಿನ ಪೊಟ್ಟಣ ಇಡಬೇಡಿ. ಉಪ್ಪು ನೀರನ್ನು ಎಳೆದು ತಾನೇ ಕರಗಿ ಲೋಹವನ್ನು ತಿನ್ನುತ್ತದೆ. ಡಬ್ಬಿಯನ್ನು ಒಳಮನೆಯ ಮರದ ಕಪಾಟಿನಲ್ಲಿ, ಹೊರಗೋಡೆಗೂ ಒಲೆಗೂ ದೂರವಾಗಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿಡಿ.

ತಗಡಿನ ಡಬ್ಬಿ, ಚಿಲ್ಲರೆ ಕಾಸು ಮತ್ತು ಬೀಗದ ಕೈ ಹಾಕುವ ಡ್ರಾಯರು ಸಲ್ಲವು. ಎರಡು ತುದಿಗಳನ್ನು ಲೋಹವೊಂದು ಸೇರಿಸಿದರೆ ಸೆಲ್ ಕಾದು ಬೆಂಕಿಗೂ ಕಾರಣವಾಗಬಹುದು. 9 ವೋಲ್ಟಿನ ಚೌಕ ಬ್ಯಾಟರಿಯಲ್ಲಿ ಎರಡೂ ತುದಿಗಳು ಒಂದೇ ಬದಿಗಿರುವುದರಿಂದ ಅಪಾಯ ಹೆಚ್ಚು. ಅವುಗಳಿಗೆ ಇನ್ಸುಲೇಶನ್ ಟೇಪ್ ಅಂಟಿಸಿಯೇ ಇಡಬೇಕು.

ಯಾವುದಕ್ಕೆ ಯಾವ ಸೆಲ್

ಅಂಗಡಿಯಲ್ಲಿ ದೊಡ್ಡ ಸೆಲ್, ಪೆನ್ಸಿಲ್ ಸೆಲ್, ರಿಮೋಟ್ ಸೆಲ್ ಎಂದು ಕೇಳಿ ತರುವ ಮೂರೂ 1.5 ವೋಲ್ಟಿನವೇ. ಗಾತ್ರ ಹೆಚ್ಚಿದಂತೆ ವೋಲ್ಟೇಜು ಹೆಚ್ಚುವುದಿಲ್ಲ, ಬಾಳುವ ಕಾಲ ಹೆಚ್ಚುತ್ತದೆ. ಹೆಚ್ಚು ಮುಖ್ಯವಾದುದು ಒಳಗಿನ ಬಗೆ. ಕಡಿಮೆ ಬೆಲೆಯ ಜಿಂಕ್-ಕಾರ್ಬನ್ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಹೊರಗೋಡೆ ಮತ್ತು ಅದೇ ಇಂಧನ. ಕರೆಂಟು ಕೊಡುತ್ತಾ ಹೋದಂತೆ ಆ ಗೋಡೆ ಸವೆದು ತೂತು ಬೀಳುತ್ತದೆ. ಮುಗಿದ ಸೆಲ್ಲನ್ನು ಟಾರ್ಚಿನಲ್ಲೇ ಬಿಟ್ಟರೆ ಒಳಗೆಲ್ಲ ರಾಡಿಯಾಗುವುದಕ್ಕೆ ಇದೇ ಕಾರಣ. ಅದರೊಳಗಿನ ಕರಿಪುಡಿಯಲ್ಲಿರುವುದು ಮುಖ್ಯವಾಗಿ ಮ್ಯಾಂಗನೀಸ್ ಡೈಆಕ್ಸೈಡ್. ಶಿವಮೊಗ್ಗ ಜಿಲ್ಲೆಯ ಕುಂಸಿಯ ಗಣಿಗಳಲ್ಲಿ ಹಿಂದೆ ತೆಗೆಯುತ್ತಿದ್ದುದು ಇದೇ ಮ್ಯಾಂಗನೀಸಿನ ಅದಿರು.

ಗೋಡೆ ಗಡಿಯಾರ, ಟಿವಿ ರಿಮೋಟಿನಂತಹ ಅಲ್ಪ ಕರೆಂಟು ಬೇಡುವ ಸಾಧನಗಳಿಗೆ ಜಿಂಕ್-ಕಾರ್ಬನ್ ಸಾಕು. ಬಿಪಿ ನೋಡುವ ಯಂತ್ರ, ಮೋಟಾರಿರುವ ಆಟಿಕೆ, ಗ್ಯಾಸ್ ಗೀಸರ್, ರಾತ್ರಿ ತೋಟಕ್ಕೆ ಒಯ್ಯುವ ಟಾರ್ಚು ಇವುಗಳಿಗೆ ಆಲ್ಕಲೈನ್ ಹಾಕಿದರೆ ಬೆಲೆಗೆ ತಕ್ಕ ಬಾಳಿಕೆ ಸಿಗುತ್ತದೆ. ಕೊಳ್ಳುವಾಗ ತಯಾರಾದ ತಿಂಗಳು, ವರ್ಷವನ್ನು ಓದಿ. ಹಳ್ಳಿಯ ಅಂಗಡಿಯ ಹೊರಸಾಲಿನಲ್ಲಿ ತೂಗುಹಾಕಿದ ಪೊಟ್ಟಣ ಒಂದೆರಡು ಮಳೆಗಾಲವನ್ನು ಅಲ್ಲೇ ಕಳೆದಿರಬಹುದು.

ಒಂದೇ ಸಾಧನದಲ್ಲಿ ಹಳೆಯದನ್ನೂ ಹೊಸದನ್ನೂ, ಅಥವಾ ಬೇರೆ ಬೇರೆ ಬಗೆಯವನ್ನು ಕೂಡಿಸಬೇಡಿ. ದುರ್ಬಲ ಸೆಲ್ ಮೊದಲು ಬರಿದಾಗುತ್ತದೆ. ಆಮೇಲೂ ಬಲವಾದ ಸೆಲ್ ಅದರ ಮೂಲಕ ಕರೆಂಟನ್ನು ದೂಡುತ್ತಲೇ ಇರುವುದರಿಂದ ಒಳಗೆ ಅನಿಲ ತುಂಬಿ ಸೋರುತ್ತದೆ.

ಸೆಲ್ ಸತ್ತಿದೆಯೇ, ತುಕ್ಕು ಹಿಡಿದಿದೆಯೇ?

ಮಲೆನಾಡಿನ ಮನೆಗಳಲ್ಲಿ ಎಸೆಯುವ ಸೆಲ್ಲುಗಳಲ್ಲಿ ಇನ್ನೂ ಜೀವವಿರುವವು ಕಡಿಮೆಯಿಲ್ಲ ಎಂಬುದು ನನ್ನ ಅನಿಸಿಕೆ. ದೋಷವಿರುವುದು ಸೆಲ್ಲಿನ ತುದಿಗೆ ತಾಗುವ ಸ್ಪ್ರಿಂಗು ಮತ್ತು ತಗಡಿನ ಪಟ್ಟಿಯಲ್ಲಿ. ತೇವದಿಂದ ಅವುಗಳ ಮೇಲೆ ತೆಳುವಾದ ತುಕ್ಕಿನ ಪೊರೆ ಕಟ್ಟಿ ಕರೆಂಟಿನ ಹರಿವಿಗೆ ಅಡ್ಡವಾಗುತ್ತದೆ. ಟಾರ್ಚು ಮಂಕಾಗುತ್ತದೆ, ಅಂಗೈಗೆ ಬಡಿದರೆ ಒಮ್ಮೆ ಬೆಳಗಿ ಮತ್ತೆ ಮಂಕಾಗುತ್ತದೆ. ಬಡಿದಾಗ ಬೆಳಗುವ ಟಾರ್ಚಿನಲ್ಲಿ ಸೆಲ್ ಸರಿಯಿದ್ದು ತಾಗುವಿಕೆ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಎಸೆಯುವ ಮುನ್ನ ಸೆಲ್ಲುಗಳನ್ನು ಹೊರತೆಗೆದು, ಅವುಗಳ ಎರಡೂ ತುದಿಗಳನ್ನು ಒರಟು ಒಣಬಟ್ಟೆಯಿಂದ ಉಜ್ಜಿ. ಸ್ಪ್ರಿಂಗು, ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ, ತುಕ್ಕು ದಪ್ಪಗಿದ್ದರೆ ನಯವಾದ ಮರಳುಕಾಗದದ ಸಣ್ಣ ತುಂಡಿನಿಂದ ಲೋಹ ಹೊಳೆಯುವವರೆಗೆ ತಿಕ್ಕಿ. ಉದುರಿದ ಪುಡಿಯನ್ನು ತಲೆಕೆಳಗು ಮಾಡಿ ಕೊಡವಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಸೆಲ್ ಹಾಕಿ. ಸ್ಪ್ರಿಂಗು ಸೋತು ಒಳಗೆ ಕುಗ್ಗಿದ್ದರೆ ಮೆಲ್ಲಗೆ ಎಳೆದು ಸರಿಮಾಡಿ.

ಆಮೇಲೂ ಹೊತ್ತದಿದ್ದರೆ ಸೆಲ್ಲನ್ನು ಪರೀಕ್ಷಿಸಬೇಕು. ಹೊಸ ಆಲ್ಕಲೈನ್ ಸೆಲ್ ಮಲ್ಟಿಮೀಟರಿನಲ್ಲಿ 1.5ರಿಂದ 1.6 ವೋಲ್ಟ್ ತೋರಿಸುತ್ತದೆ, 1.2ಕ್ಕಿಂತ ಕೆಳಗಿಳಿದರೆ ಟಾರ್ಚಿಗೆ ಉಪಯೋಗವಿಲ್ಲ. ಮೇಜಿನ ಮೇಲೆ ನೆಟ್ಟಗೆ ಬೀಳಿಸಿ, ಪುಟಿದರೆ ಸತ್ತಿದೆ ಎನ್ನುವ ಪರೀಕ್ಷೆಯೂ ಬಳಕೆಯಲ್ಲಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಅಳೆದು ನೋಡಿದರು: ಒಳಗಿನ ಸತುವಿನ ಲೋಳೆ ಸತುವಿನ ಆಕ್ಸೈಡಾಗಿ ಗಟ್ಟಿಯಾಗುವುದರಿಂದ ಪುಟಿತ ಹೆಚ್ಚುವುದು ನಿಜ, ಆದರೆ ಅರ್ಧದಷ್ಟು ಶಕ್ತಿ ಉಳಿದಿರುವಾಗಲೇ ಅದು ತನ್ನ ಗರಿಷ್ಠ ಮಟ್ಟ ಮುಟ್ಟಿಬಿಡುತ್ತದೆ. ಪುಟಿಯುವ ಸೆಲ್ ಹೊಸದಲ್ಲ ಎಂದಷ್ಟೇ ಹೇಳಬಹುದು, ಸತ್ತಿದೆ ಎನ್ನಲಾಗದು.

ಸೋರಿದ ಸೆಲ್ಲನ್ನು ಸ್ವಚ್ಛ ಮಾಡುವ ಕ್ರಮ

ಆಲ್ಕಲೈನ್ ಸೆಲ್ಲಿನಿಂದ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಗಾಳಿಯ ಸಂಪರ್ಕದಿಂದ ಅದು ಬಿಳಿಯ ಹುಡಿಯಾಗಿ ಕಾಣಿಸುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಂಡು ಸೆಲ್ ತೆಗೆದು, ನಿಂಬೆರಸ ಅಥವಾ ವಿನೆಗರಿನಲ್ಲಿ ತುಸುವೇ ತೋಯಿಸಿದ ಹತ್ತಿಕಡ್ಡಿಯಿಂದ ಹುಡಿಯನ್ನು ಒರೆಸಿ. ನೊರೆ ನಿಂತ ಮೇಲೆ ನೀರಿನಲ್ಲಿ ಹಿಂಡಿದ ಹತ್ತಿಯಿಂದ, ಬಳಿಕ ಒಣಬಟ್ಟೆಯಿಂದ ಒರೆಸಿ ಚೆನ್ನಾಗಿ ಆರಲು ಬಿಡಿ. ಜಿಂಕ್-ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲಗುಣದ್ದಾಗಿರುವುದರಿಂದ ಅಲ್ಲಿ ಹುಳಿಯ ಬದಲು ಅಡುಗೆ ಸೋಡಾದ ನೀರು ಬಳಸಬೇಕು. ತಿಂಗಳುಗಟ್ಟಲೆ ಬಳಸದ ಸಾಧನದಿಂದ ಸೆಲ್ ತೆಗೆದಿಟ್ಟರೆ ಈ ಕೆಲಸವೇ ಬೀಳುವುದಿಲ್ಲ.

ಗುಂಡಿ ಸೆಲ್: ಹೆಚ್ಚಿನ ಎಚ್ಚರ ಇಲ್ಲಿ ಬೇಕು

ಸಣ್ಣ ಮಕ್ಕಳಿರುವ ಮನೆಯವರು ಈ ಭಾಗವನ್ನು ದಯವಿಟ್ಟು ಎರಡು ಬಾರಿ ಓದಬೇಕು. ಸಕ್ಕರೆ ಕಾಯಿಲೆ ನೋಡುವ ಯಂತ್ರ, ಕಾರಿನ ರಿಮೋಟು, ತೂಕದ ಯಂತ್ರಗಳಲ್ಲಿರುವ ಸಿಆರ್ 2032 ಎಂಬ ಲಿಥಿಯಂ ಸೆಲ್ 20 ಮಿಲಿಮೀಟರ್ ಅಗಲದ್ದು, 3 ವೋಲ್ಟಿನದು. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಅಲ್ಲಿನ ತೇವದಲ್ಲಿ ಕರೆಂಟು ಹರಿದು, ಸೆಲ್ ಸೋರದೆಯೇ, ತೀಕ್ಷ್ಣ ಕ್ಷಾರ ಹುಟ್ಟಿ ಎರಡು ಗಂಟೆಯೊಳಗೆ ಅಂಗಾಂಶ ಸುಟ್ಟುಹೋಗಬಹುದು. ಯಂತ್ರ ನಡೆಸಲು ಶಕ್ತಿ ಸಾಲದೆಂದು ತೆಗೆದಿಟ್ಟ ಸೆಲ್ಲಿಗೂ ಇಷ್ಟು ಮಾಡುವ ಬಲವಿರುತ್ತದೆ.

ಅನುಮಾನ ಬಂದರೂ ಸಾಕು, ಕಾಯಬೇಡಿ, ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ. ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. 108ಕ್ಕೆ ಕರೆ ಮಾಡಿ, ಗುಂಡಿ ಸೆಲ್ ನುಂಗಿರಬಹುದು ಎಂದು ಮೊದಲ ಮಾತಿನಲ್ಲೇ ತಿಳಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಘಟ್ಟದ ಹಳ್ಳಿಗಳಿಂದ ದಾರಿ ದೂರವಿರುವುದರಿಂದ ಇನ್ನೊಂದು ವಿಷಯ ತಿಳಿದಿರಬೇಕು. ಮಗುವಿಗೆ ಒಂದು ವರ್ಷ ತುಂಬಿದ್ದು, ಅದು ನುಂಗಬಲ್ಲ ಸ್ಥಿತಿಯಲ್ಲಿದ್ದು, ಸೆಲ್ ನುಂಗಿ 12 ಗಂಟೆ ಕಳೆದಿಲ್ಲವಾದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಬಾರಿಯವರೆಗೆ ಕೊಡುವುದನ್ನು ವಿಷಚಿಕಿತ್ಸಾ ತಜ್ಞರು ಸೂಚಿಸುತ್ತಾರೆ. ಜೇನು ಸುಡುವಿಕೆಯನ್ನು ನಿಧಾನಿಸುತ್ತದೆಯೇ ಹೊರತು ಚಿಕಿತ್ಸೆಯಾಗುವುದಿಲ್ಲ. ಅದನ್ನು ಹುಡುಕುತ್ತಾ ಒಂದು ನಿಮಿಷವನ್ನೂ ಕಳೆಯಬಾರದು. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು.

ಚಾರ್ಜ್ ಆಗುವ ಬ್ಯಾಟರಿಗಳು

ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳ ವೋಲ್ಟೇಜು 1.2, ಮೀಟರಿನಲ್ಲಿ ಅಷ್ಟೇ ಕಂಡರೆ ಕೆಟ್ಟಿದೆ ಎಂದು ತಿಳಿಯಬೇಡಿ. ಟಾರ್ಚಿನ ಹಾಗೂ ಮೊಬೈಲಿನ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಬಹುಕಾಲ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ ಇಡಬೇಕು. ಉಬ್ಬಿದ್ದು ಕಂಡರೆ ಮತ್ತೆ ಚಾರ್ಜಿಗೆ ಹಾಕದೆ, ಚುಚ್ಚದೆ, ಮನೆಯಿಂದ ಹೊರಗೆ ಮಳೆ ತಾಗದ ಕಲ್ಲಿನ ಮೇಲಿಡಿ.

ಇನ್ವರ್ಟರಿನ ಲೆಡ್-ಆಸಿಡ್ ಬ್ಯಾಟರಿಯ ಸ್ವಭಾವ ಇದಕ್ಕೆ ವಿರುದ್ಧ. ಅದನ್ನು ಅರೆಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಮತ್ತೆ ಕರಗುವುದಿಲ್ಲ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಇರುವುದಿಲ್ಲ ಎನಿಸಿದಾಗ, ಫ್ಯಾನು, ಟಿವಿಗಳನ್ನು ಮೊದಲ ಗಂಟೆಯಿಂದಲೇ ಬಿಟ್ಟು ಒಂದೆರಡು ಎಲ್‌ಇಡಿ ದೀಪಗಳಿಗಷ್ಟೇ ಉಳಿಸಿಕೊಳ್ಳುವುದು ಬೆಳಕಿಗೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು. ಕರೆಂಟು ಬಂದ ಕೂಡಲೇ ಪೂರ್ತಿ ಚಾರ್ಜ್ ಆಗಲು ಬಿಡಿ.

ಇದಕ್ಕೆ ಹಾಕಬೇಕಾದುದು ಡಿಸ್ಟಿಲ್ಡ್ ವಾಟರ್ ಮಾತ್ರ. ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಖನಿಜಗಳು ಕರಗಿರುತ್ತವೆ. ಹೆಂಚಿನಿಂದಿಳಿದ ಮಳೆನೀರಿನಲ್ಲಿ ಧೂಳು, ಪಾಚಿ ಸೇರಿರುತ್ತದೆ. ಮಟ್ಟ ಸೂಚಿಸುವ ಕಡ್ಡಿಯ ಮೇಲುಗೆರೆ ದಾಟಿಸಬೇಡಿ, ಆಸಿಡ್ ಸೇರಿಸಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಬ್ಯಾಟರಿಯಿರುವ ಜಾಗದಲ್ಲಿ ಗಾಳಿಯಾಡಬೇಕು. ದೇವರ ದೀಪ, ಚಿಮಣಿ ಅದರ ಹತ್ತಿರ ಬೇಡ.

ಮುಗಿದವುಗಳನ್ನು ಏನು ಮಾಡಬೇಕು

ಬಚ್ಚಲೊಲೆಗೆ ಹಾಕಲೇಬಾರದು. ಮುಚ್ಚಿದ ಲೋಹದ ಡಬ್ಬಿಯೊಳಗೆ ಅನಿಲ ಹಿಗ್ಗಿ ಸೆಲ್ ಸಿಡಿಯುತ್ತದೆ, ಎದುರು ಕೂತವರ ಕಣ್ಣಿಗೇ ಅಪಾಯ. ಅಡಿಕೆ ತೋಟದ ಕಪ್ಪಿನಲ್ಲಿ, ಅಂದರೆ ನೀರು ಬಸಿದುಹೋಗುವ ಕಾಲುವೆಯಲ್ಲಿ, ಹೂತರೆ ಒಳಗಿನ ಲೋಹಗಳು ಆ ಕಪ್ಪಿನ ನೀರಿನೊಂದಿಗೇ ಹಳ್ಳಕ್ಕೆ ಇಳಿಯುತ್ತವೆ.

ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಮನೆಕಸದೊಂದಿಗೆ ಬೆರೆಸದೆ ಬೇರೆಯಾಗಿ ಇಟ್ಟು ಕೊಡುವ ಕರ್ತವ್ಯ ಬಳಕೆದಾರರದು. ಗುಂಡಿ ಸೆಲ್, ಲಿಥಿಯಂ ಮತ್ತು 9 ವೋಲ್ಟಿನ ಬ್ಯಾಟರಿಗಳ ತುದಿಗಳಿಗೆ ಟೇಪ್ ಸುತ್ತಿ, ಮುಚ್ಚಳವಿರುವ ಪ್ರತ್ಯೇಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋಗುವಾಗ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ; ಕಸದ ಗಾಡಿ ಬರುವ ಊರಾದರೆ ಬೇರೆಯಾಗಿ ಕೈಗೆ ಕೊಟ್ಟು ಏನೆಂದು ತಿಳಿಸಿ. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯವರೇ ಬೆಲೆಕಟ್ಟಿ ತೆಗೆದುಕೊಳ್ಳುತ್ತಾರೆ. ಆಸಿಡ್ ಚೆಲ್ಲಿ ತರುವಂತೆ ಹೇಳಿದರೆ ಒಪ್ಪಬೇಡಿ, ನೆಟ್ಟಗೆ ನಿಲ್ಲಿಸಿ ಹಾಗೆಯೇ ಸಾಗಿಸಿ, ಹಳೆಯದಕ್ಕೆ ಕಳೆದ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.