ಸೌದೆ ಕುಯ್ಯಲು 32 ಸಿಸಿ ಚೈನ್ ಸಾದಿಂದ 59 ಸಿಸಿಗೆ ಹೋದದ್ದು: ನನ್ನ ಅನುಭವ

ಹೋದ ವರ್ಷ ಪುಷ್ಯ ಮಳೆಯ ಗಾಳಿಗೆ ನಮ್ಮ ತೋಟದ ಮೇಲಿನ ಹಲಸಿನ ಮರ ಬೇರು ಸಮೇತ ಬಿತ್ತು. ಬುಡದ ಹತ್ತಿರ ಅಡ್ಡಳತೆ ಎರಡೂವರೆ ಅಡಿ. ಬೀಳುವಾಗ ಪಕ್ಕದ ಎರಡು ಅಕೇಶಿಯಾಗಳನ್ನೂ ಎಳೆದುಕೊಂಡೇ ಬಿತ್ತು. ಹಲಸಿನ ಕಾಂಡ ಸೊಟ್ಟ, ಅಲ್ಲಲ್ಲಿ ಹುಳ ಹಿಡಿದಿತ್ತು, ಹಲಗೆಗೆ ಬರುವಂತಿರಲಿಲ್ಲ. ಅಂದರೆ ಅಷ್ಟೂ ಸೌದೆಯೇ.

ನಮ್ಮದು ಸಾಗರದ ಕಡೆ. ಕೆಂಪಡಿಕೆ ಮಾಡುವ ಮನೆ. ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸುವ ಹಂಡೆಯ ಒಲೆ ಆರುವುದೇ ಇಲ್ಲ. ಅದು ಮುಗಿದರೂ ಬಚ್ಚಲ ಒಲೆ ವರ್ಷವಿಡೀ ಉರಿಯುತ್ತಲೇ ಇರುತ್ತದೆ. ಹಾಗಾಗಿ ಸೌದೆ ನಮಗೆ ಅಕ್ಕಿಯಷ್ಟೇ ಮುಖ್ಯ.

ಆಗ ನನ್ನ ಹತ್ತಿರ ಇದ್ದ ಮರ ಕುಯ್ಯುವ ಮಿಷನ್, ಅಂದರೆ ಪೆಟ್ರೋಲ್ ಚೈನ್ ಸಾ, ಸ್ಟಿಲ್ ಕಂಪನಿಯ ಎಂಎಸ್ 180. ಎಂಜಿನ್ ಅಳತೆ ಸುಮಾರು 32 ಸಿಸಿ, ಬಾರ್ (ಚೈನು ಸುತ್ತುವ ಪಟ್ಟಿ) 14 ಇಂಚು. ಆರು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಅಕೇಶಿಯಾ ಕೊಂಬೆ, ಒಣಗಿದ ಅಡಿಕೆ ಮರ, ತೊಡೆ ದಪ್ಪದ ಕಾಡು ಜಾತಿಯ ಕುಂಟೆ (ದಿಮ್ಮಿ), ಎಲ್ಲಾ ಆರಾಮಾಗಿ ಕುಯ್ಯುತ್ತಿತ್ತು. ಈ ಹಲಸಿನ ಕಾಂಡದ ಮುಂದೆ ನಿಂತಾಗ ಮಾತ್ರ ಅದಕ್ಕೂ ಸಾಕಾಯಿತು, ನನಗೂ ಸಾಕಾಯಿತು.

ಶ್ರಾವಣದಲ್ಲಿ ಮಳೆ ಸ್ವಲ್ಪ ಹೊಳವಾದಾಗ ಒಂದು ತುಂಡು ಮಾಡಿ ನೋಡಿದೆ. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ, ಆಮೇಲೆ ಮೇಲಿನಿಂದ, ಮತ್ತೆ ಬೆಣೆ ಹೊಡೆದು ಕೆಳಗಿನಿಂದ. ಒಂದು ತುಂಡಿಗೆ ಕಾಲು ಗಂಟೆಗಿಂತ ಜಾಸ್ತಿ ಹಿಡಿಯಿತು. ಹಲಸಿನ ಮೇಣ ಬಾರಿನ ಸಂದಿಗೆ ಹೋಗಿ ಕೂತು ಚೈನು ಬಿಗಿಯಾಗುತ್ತಿತ್ತು. ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಮೇಲಿನಿಂದ ಮೈಭಾರ ಹಾಕುತ್ತಿದ್ದೆ. ಅದು ತಪ್ಪು ಅಂತ ಗೊತ್ತಿತ್ತು, ಆದರೂ ಹಾಕುತ್ತಿದ್ದೆ. ಮಿಷನ್ನಿನಲ್ಲಿ ಶಕ್ತಿ ಸಾಲದಿದ್ದರೆ ಕೈ ತಾನಾಗಿ ಒತ್ತುತ್ತದೆ. ಒತ್ತಿದಷ್ಟೂ ಚೈನಿನ ಹಲ್ಲು ಹೋಗುತ್ತದೆ, ಚಕ್ಕೆ ಬರುವ ಬದಲು ಹಿಟ್ಟಿನಂಥ ಪುಡಿ ಬರುತ್ತದೆ, ಬಾರ್ ಕಾದು ಹೊಗೆ ಏಳುತ್ತದೆ.

ಒಂದು ಲೆಕ್ಕ ನನಗೆ ಆವತ್ತೇ ಹೊಳೆದದ್ದು. ಮರದ ದಪ್ಪ ಎರಡು ಪಟ್ಟಾದರೆ ಕುಯ್ಯಬೇಕಾದ ಮುಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಂದಡಿ ದಪ್ಪದ ಕುಂಟೆಗೆ ಸರಿಯಾದ ಮಿಷನ್ ಎರಡಡಿ ದಪ್ಪದ್ದಕ್ಕೆ ಸ್ವಲ್ಪ ನಿಧಾನ ಆಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಸ್ವಲ್ಪ ಅಲ್ಲ, ನಾಲ್ಕು ಪಟ್ಟು ಕೆಲಸ. ಸಾಲದ್ದಕ್ಕೆ ಸೌದೆ ಅಂದರೆ ಮರ ಬೀಳಿಸಿದಲ್ಲಿಗೆ ಮುಗಿಯುವುದಿಲ್ಲ. ಬೀಳಿಸುವುದು ಒಂದೇ ಸಲ ಕುಯ್ಯುವ ಕೆಲಸ. 20 ಅಡಿ ಕಾಂಡವನ್ನು ಒಂದೂವರೆ ಅಡಿಯ ತುಂಡು ಮಾಡಲು ಹದಿಮೂರು ಸಲ ಕುಯ್ಯಬೇಕು, ಅದೂ ಪ್ರತಿ ಸಲ ಪೂರ್ತಿ ದಪ್ಪ.

ಆಮೇಲೆ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಜನ ಇದನ್ನೇ ಮಾಡುತ್ತಾರೆ. ಹೊಸ ಮಿಷನ್ ಯಾಕೆ, ಇದಕ್ಕೇ ಉದ್ದ ಬಾರ್ ಹಾಕಿದರೆ ಆಯಿತಲ್ವಾ ಅಂತ 18 ಇಂಚಿನ ಬಾರ್ ತಂದು ಅದೇ 32 ಸಿಸಿಗೆ ಹಾಕಿಸಿದೆ. ಬಾರ್ ಉದ್ದವಾಯಿತು, ಎಂಜಿನ್ ಅಷ್ಟೇ ಇತ್ತು. ಬಾರ್ ಪೂರ್ತಿ ಮರದೊಳಗೆ ಹೋದ ಕೂಡಲೇ ಚೈನು ನಿಂತೇ ಬಿಡುತ್ತಿತ್ತು. ಎಂಜಿನ್ ಕೂಗುತ್ತದೆ, ಚೈನು ತಿರುಗುವುದಿಲ್ಲ, ಒಳಗೆ ಕ್ಲಚ್ ಸವೆದು ವಾಸನೆ ಬರುತ್ತದೆ. ಸಣ್ಣ ಮಿಷನ್ನಿನ ಆಯಿಲ್ ಪಂಪು ಅಷ್ಟು ಉದ್ದದ ಬಾರಿಗೆ ಎಣ್ಣೆ ತಲುಪಿಸಲಿಲ್ಲ, ತುದಿಯಲ್ಲಿ ಬಾರ್ ನೀಲಿ ಬಣ್ಣಕ್ಕೆ ತಿರುಗಿತು. ಎರಡೇ ದಿನಕ್ಕೆ ಬಿಚ್ಚಿಟ್ಟೆ. ಬಾರ್ ಉದ್ದ ಮಾಡಿದರೆ ಮಿಷನ್ ದೊಡ್ಡದಾಗುವುದಿಲ್ಲ. ದಯವಿಟ್ಟು ಯಾರೂ ಇದಕ್ಕೆ ದುಡ್ಡು ಹಾಕಬೇಡಿ.

ಆಮೇಲೆ ನೆಂಟರ ಮನೆಯಿಂದ 58 ಸಿಸಿಯ ಒಂದು ಅಗ್ಗದ ಮಿಷನ್ ತಂದು ನಾಲ್ಕು ದಿನ ನಡೆಸಿದೆ. 22 ಇಂಚು ಬಾರ್ ಇತ್ತು. ಬೆಳಿಗ್ಗೆ ಚೆನ್ನಾಗಿ ಕುಯ್ಯುತ್ತಿತ್ತು, ಸುಳ್ಳು ಹೇಳಬಾರದು. ಬಿಸಿಯಾದ ಮೇಲೆ ಒಂದು ಸಲ ಬಂದ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುತ್ತಿರಲಿಲ್ಲ. ನಡುಕ ಎಷ್ಟಿತ್ತು ಅಂದರೆ ರಾತ್ರಿ ಊಟಕ್ಕೆ ಕೂತಾಗ ಬೆರಳು ಜೋಮು ಹಿಡಿದಿರುತ್ತಿತ್ತು. ಇಂಥವುಗಳ ಬಿಡಿ ಭಾಗ ಕಡಿಮೆ ದುಡ್ಡಿಗೆ ಎಲ್ಲಾ ಕಡೆ ಸಿಗುತ್ತವೆ, ಮಿಷನ್ ಬಿಚ್ಚಿ ಕೂರಿಸುವ ಕೈ ಇರುವವರು ಇದರಲ್ಲೇ ವರ್ಷಗಟ್ಟಲೆ ಕೆಲಸ ತೆಗೆಯುತ್ತಾರೆ. ನನ್ನದು ಆ ಕೈ ಅಲ್ಲ. ಮಿಷನ್ ಎಗರಿದಾಗ ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

ಕೊನೆಗೆ ಮರ ಕುಯ್ಯುವುದನ್ನೇ ಕಸುಬು ಮಾಡಿಕೊಂಡ ಪಕ್ಕದೂರಿನ ಅಣ್ಣನ ಹತ್ತಿರ ಹೋದೆ. ಅವರದು ಎಂಎಸ್ 382. 72 ಸಿಸಿ, 25 ಇಂಚು ಬಾರ್. ಒಂದು ದಿನ ಕೆಲಸಕ್ಕೆ ಬಂದರು, ನನ್ನ ಕೈಗೂ ಕೊಟ್ಟರು. ನಾನು ಕಾಲು ಗಂಟೆ ಒದ್ದಾಡಿದ ಕಾಂಡವನ್ನು ಅದು ಒಂದು ನಿಮಿಷದೊಳಗೆ ತುಂಡು ಮಾಡಿತು. ಒತ್ತುವುದೇ ಬೇಡ, ತನ್ನ ಭಾರಕ್ಕೇ ಇಳಿಯುತ್ತದೆ, ದಪ್ಪ ದಪ್ಪ ಚಕ್ಕೆ ಕಾಲ ಬುಡದಲ್ಲಿ ರಾಶಿ ಬೀಳುತ್ತದೆ. ತಗೊಂಡರೆ ಇದನ್ನೇ ತಗೊಳ್ಳಬೇಕು ಅಂತ ಬೆಳಿಗ್ಗೆ ಹತ್ತು ಗಂಟೆಗೆ ತೀರ್ಮಾನ ಮಾಡಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ.

ಅವರು ಹೇಳಿದ್ದು ಇಷ್ಟೇ: "ಭಟ್ರೇ, ಇದು ದಿನಾ ಹಿಡಿಯೋರಿಗೆ. ನೀವು ವರ್ಷಕ್ಕೆ ಇಪ್ಪತ್ತು ದಿನ ಹಿಡಿಯೋರು. ಸಿಸಿ ಆಮೇಲೆ ನೋಡಿ, ಮೊದಲು ತೂಕ ನೋಡಿ."

ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಅಡಿಕೆ ತೂಗುವ ತಕ್ಕಡಿ ಇತ್ತಲ್ಲ, ಅದರ ಮೇಲೇ ಇಟ್ಟೆ. ಕಂಪನಿಯವರು ಬರೆಯುವ ತೂಕ ಬಾರ್, ಚೈನು, ಪೆಟ್ರೋಲ್, ಎಣ್ಣೆ ಯಾವುದೂ ಇಲ್ಲದೆ ಬರೀ ಮಿಷನ್ನಿನದು. 382ಕ್ಕೆ ಪುಸ್ತಕದಲ್ಲಿ 6.2 ಕೆಜಿ ಅಂತ ಇದೆ. ಬಾರ್ ಹಾಕಿ ಟ್ಯಾಂಕ್ ತುಂಬಿಸಿ ಇಟ್ಟಾಗ ಒಂಬತ್ತು ಕೆಜಿಯ ಹತ್ತಿರ ಬಂತು. ನನ್ನ ಸಣ್ಣದು ಹಾಗೇ ತುಂಬಿಸಿದಾಗ ಐದು ಕೆಜಿ. ಇಳಿಜಾರಿನಲ್ಲಿ, ಬಗ್ಗಿ, ಕುಂಟೆಯಿಂದ ಕುಂಟೆಗೆ ಎತ್ತಿಕೊಂಡು ಹೋಗುವವನಿಗೆ ಈ ನಾಲ್ಕು ಕೆಜಿ ಸಣ್ಣ ವಿಷಯ ಅಲ್ಲ. ನನಗೆ ಐವತ್ತೆರಡು ವರ್ಷ.

ನಡುವಿನ ಅಳತೆ ಹುಡುಕಿದ್ದು ಆಮೇಲೆ. ಮೊದಲು ನೋಡಿದ್ದು ಎಂಎಸ್ 250. ಸುಮಾರು 45 ಸಿಸಿ, 4.6 ಕೆಜಿ. ಒಂದಡಿ, ಒಂದೂಕಾಲು ಅಡಿ ದಪ್ಪದ ಅಕೇಶಿಯಾ, ಸಿಲ್ವರ್ ಓಕ್ ಮಾತ್ರ ಕುಯ್ಯುವವರಿಗೆ ಇದು ಧಾರಾಳ ಸಾಕು, ಕಾಫಿ ತೋಟದವರು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮಲ್ಲಿ ಹಲಸು, ಹಳೇ ಮಾವು, ಮತ್ತಿ ಇವೆ. ಒಣಗಿದ ಮತ್ತಿ, ಜಂಬೆ ಕುಯ್ದವರಿಗೆ ಗೊತ್ತು, ಕಬ್ಬಿಣದ ಹಾಗೆ. ಹಾಗಾಗಿ ಇನ್ನೊಂದು ಮೆಟ್ಟಿಲು ಮೇಲೆ ಹೋದೆ. ಹಸ್ಕ್ವರ್ನಾ ಕಂಪನಿಯಲ್ಲೂ ಒಳ್ಳೆಯ ಮಿಷನ್‌ಗಳಿವೆ, ಆದರೆ ನಮ್ಮ ಪೇಟೆಯಲ್ಲಿ ರಿಪೇರಿ ಮಾಡುವವರು, ಚೈನು, ಸ್ಪ್ರಾಕೆಟ್ ಇಟ್ಟುಕೊಂಡವರು ಸ್ಟಿಲ್‌ಗೇ ಇದ್ದರು. ಕೊಯ್ಲಿನ ಮಧ್ಯೆ ಒಂದು ಸಣ್ಣ ಸ್ಪ್ರಿಂಗಿಗೆ ಎಂಟು ದಿನ ಕಾಯಲು ಆಗುವುದಿಲ್ಲ. ದೀಪಾವಳಿಗೆ ಮೊದಲು ಎಂಎಸ್ 361 ತಂದೆ. 59 ಸಿಸಿ, ಪುಸ್ತಕದ ತೂಕ 5.6 ಕೆಜಿ, ನಮ್ಮ ತಕ್ಕಡಿಯಲ್ಲಿ ಎಲ್ಲಾ ತುಂಬಿಸಿ ಏಳೂವರೆ. ಶಕ್ತಿ ಸಣ್ಣದರ ಎರಡು ಪಟ್ಟಿಗಿಂತ ಜಾಸ್ತಿ, ತೂಕ ಒಂದೂವರೆ ಪಟ್ಟು. ನನಗೆ ಈ ಲೆಕ್ಕ ಒಪ್ಪಿಗೆಯಾಯಿತು.

ಬಾರ್ ಎಷ್ಟು ಉದ್ದ ಅನ್ನುವುದಕ್ಕೆ ಅಂಗಡಿಯಲ್ಲಿ ಸ್ವಲ್ಪ ವಾದವೇ ಆಯಿತು. ಅವರು 25 ಇಂಚು ಹಾಕಿಸಿ ಅಂದರು, ನಾನು 18 ಸಾಕು ಅಂದೆ. ಎರಡೂ ಕಡೆಯಿಂದ ಕುಯ್ದರೆ 18 ಇಂಚಿನ ಬಾರಿನಲ್ಲಿ ಎರಡೂವರೆ ಅಡಿ ದಪ್ಪದ ಕಾಂಡವೂ ಮುಗಿಯುತ್ತದೆ. ಅಂಥ ಮರ ನಮಗೆ ಎಷ್ಟು ವರ್ಷಕ್ಕೆ ಒಂದು ಬೀಳುತ್ತದೆ? ಬಾರ್ ಗಿಡ್ಡ ಇದ್ದರೆ ಮೂತಿ ಭಾರ ಆಗುವುದಿಲ್ಲ, ತುದಿ ಮಣ್ಣಿಗೆ, ಕಲ್ಲಿಗೆ ತಾಗುವುದು ಕಡಿಮೆ. ಅರ ಹಾಕುವ ಕೆಲಸವೂ ಉಳಿಯುತ್ತದೆ. 18 ಇಂಚಿನ ಚೈನಿನಲ್ಲಿ 33 ಹಲ್ಲು, 25 ಇಂಚಿನದರಲ್ಲಿ 42. ದಿನಕ್ಕೆ ಎರಡು ಮೂರು ಸಲ ಅರ ಹಾಕಲು ಕೂತರೆ ಈ ಒಂಬತ್ತು ಹಲ್ಲಿನ ಬೆಲೆ ಗೊತ್ತಾಗುತ್ತದೆ.

ಅರದ ವಿಷಯ ಬಂತಲ್ಲ, ಒಂದು ಮಾತು. ಸಣ್ಣ ಮಿಷನ್ನಿನ ಚೈನಿಗೆ 4 ಮಿಲಿಮೀಟರ್ ಅರ, ಈ ದೊಡ್ಡದರ ಚೈನಿಗೆ 5.2. ನಾನು ಮೊದಲ ವಾರ ಮನೆಯಲ್ಲಿದ್ದ ಸಣ್ಣ ಅರವನ್ನೇ ಹಾಕಿದೆ. ಹಲ್ಲು ಕೆಳಗೆ ಕೊಕ್ಕೆಯ ಹಾಗೆ ಆಗಿ ಮರಕ್ಕೆ ಸಿಕ್ಕಿ ಎಗರಲು ಶುರುವಾಯಿತು. ಮಿಷನ್ನೇ ಸರಿ ಇಲ್ಲ ಅಂದುಕೊಂಡು ಅಂಗಡಿಗೆ ಹೊತ್ತುಕೊಂಡು ಹೋದೆ, ಅವರು ಚೈನು ನೋಡಿದ ಕೂಡಲೇ ಹೇಳಿದರು. ಸರಿಯಾದ ಅರದಲ್ಲಿ ಪ್ರತಿ ಹಲ್ಲಿಗೆ ಮೂರು ನಾಲ್ಕು ಎಳೆತ, ಎರಡೂ ಕಡೆ ಒಂದೇ ಲೆಕ್ಕ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗ ಒಂದು ಸಲ ಅರ ಅಂತ ಇಟ್ಟುಕೊಂಡಿದ್ದೇನೆ. ಮೊಂಡು ಚೈನು ಹಾಕಿದ 59 ಸಿಸಿಗಿಂತ ಚೂಪು ಚೈನು ಹಾಕಿದ 32 ಸಿಸಿ ವಾಸಿ, ಇದನ್ನು ನಾನು ಎರಡನ್ನೂ ಅಕ್ಕಪಕ್ಕ ಕುಯ್ದು ನೋಡಿಯೇ ಹೇಳುತ್ತಿದ್ದೇನೆ.

ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಒಳ್ಳೆಯ ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಮಿಷನ್ನಿನೊಳಗೆ ಪೆಟ್ರೋಲ್ ಬಿಟ್ಟರೆ ಕಾರ್ಬ್ಯುರೇಟರ್ ಕೆಟ್ಟ ಹಾಗೇ ಲೆಕ್ಕ. ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ, ಅಟ್ಟದ ಮೇಲೆ ಇಡುತ್ತೇನೆ. ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ನಾನು ಬಿಟ್ಟೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ತೋಟದ ಮಣ್ಣಿಗೂ ಅದು ಬೇಡ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ದೊಡ್ಡ ಮಿಷನ್ ಕುಯ್ಯುವಾಗ ಎಷ್ಟು ಜೋರೋ, ಹಿಂದಕ್ಕೆ ಒದೆಯುವಾಗಲೂ ಅಷ್ಟೇ ಜೋರು. ಬಾರಿನ ಮೂತಿಯ ಮೇಲಿನ ಅರ್ಧ ಯಾವುದಕ್ಕಾದರೂ ತಾಗಿದರೆ ಮಿಷನ್ ಮುಖದ ಕಡೆಗೆ ಎಗರುತ್ತದೆ. ನನಗೆ ಜನವರಿಯಲ್ಲಿ ಒಂದು ಸಲ ಆಯಿತು. ಕುಂಟೆಯ ಹಿಂದೆ ಸೊಪ್ಪಿನ ಕೆಳಗೆ ಒಂದು ಗೇಣು ದಪ್ಪದ ಕೊಂಬೆ ಅಡಗಿತ್ತು, ನೋಡಿರಲಿಲ್ಲ. ಮೂತಿ ತಾಗಿದ್ದು ಗೊತ್ತಾಗುವುದರೊಳಗೆ ಬಾರ್ ನನ್ನ ಎದೆಯ ಎತ್ತರಕ್ಕೆ ಬಂದಿತ್ತು. ಎಡಗೈಯ ಹೆಬ್ಬೆರಳು ಹ್ಯಾಂಡಲ್ ಸುತ್ತಿ ಹಿಡಿದಿತ್ತು, ಮುಂದಿನ ಗಾರ್ಡು ಕೈಗೆ ತಾಗಿ ಚೈನ್ ಬ್ರೇಕ್ ಬಿತ್ತು. ಅಷ್ಟಕ್ಕೇ ಉಳಿದೆ. ಅವತ್ತು ಮಿಷನ್ ಬಂದ್ ಮಾಡಿ ಮನೆಗೆ ಬಂದೆ, ಮನೆಯವಳಿಗೆ ಎರಡು ದಿನ ಹೇಳಿರಲಿಲ್ಲ.

ಆಮೇಲಿಂದ ಕೆಲಸಕ್ಕೆ ಮೊದಲು ಕುಂಟೆಯ ಸುತ್ತ ಕತ್ತಿ ಹಿಡಿದು ಸವರಿ ಜಾಗ ಮಾಡಿಕೊಳ್ಳುತ್ತೇನೆ. ಲುಂಗಿ ಸುತ್ತಿಕೊಂಡು ಮಿಷನ್ ಹಿಡಿಯುವುದು ಪೂರ್ತಿ ಬಂದ್. ದಪ್ಪ ಪ್ಯಾಂಟು, ಬೂಟು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟು, ಕಿವಿಗೆ ಮುಚ್ಚಳ. ಶಬ್ದ ನೂರು ಡೆಸಿಬಲ್ ದಾಟುತ್ತದೆ, ಕಿವಿ ಹೋದರೆ ವಾಪಸು ಬರುವುದಿಲ್ಲ. ಒಬ್ಬನೇ ಇದ್ದಾಗ ದೊಡ್ಡ ಮಿಷನ್ ಸ್ಟಾರ್ಟ್ ಮಾಡುವುದಿಲ್ಲ. ಏಣಿ ಮೇಲಂತೂ ಯಾವ ಮಿಷನ್ನೂ ಇಲ್ಲ. ಕಾಂಡ ಬಾರನ್ನು ಕಚ್ಚದಿರಲು ಅಡಿಕೆ ದಬ್ಬೆಯಲ್ಲಿ ಕೆತ್ತಿದ ನಾಲ್ಕು ಬೆಣೆ ಸೊಂಟದ ಚೀಲದಲ್ಲಿರುತ್ತವೆ. ಕಬ್ಬಿಣದ ಬೆಣೆ ಬೇಡ, ತಾಗಿದರೆ ಚೈನು ಹೋಗುತ್ತದೆ.

ಹೊಸಬರಿಗೆ ಇನ್ನೊಂದು ವಿಷಯ. ಮಿಷನ್ ಇದೆ ಅಂತ ಯಾವ ಮರವನ್ನೂ ಕುಯ್ಯಲು ಬರುವುದಿಲ್ಲ. ಸ್ವಂತ ಜಾಗದ್ದಾದರೂ ಎಷ್ಟೋ ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿಗೆ ಬಿದ್ದ ಮರಕ್ಕೆ, ಒಣಗಿದ ಮರಕ್ಕೆ ಅನುಮತಿ ಇಲ್ಲ ಅನ್ನಬಾರದು ಅಂತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಸಿಲ್ವರ್ ಓಕ್, ತೆಂಗು, ರಬ್ಬರಿಗೆ ಅನುಮತಿಯೇ ಬೇಡ. ನಾನು ಬಿದ್ದ ಮರದ ಫೋಟೋ ಹಾಕಿ ಅರ್ಜಿ ಕೊಟ್ಟು, ಅವರು ಬಂದು ನೋಡಿ ಹೋದ ಮೇಲೇ ಕಾಂಡದ ಕೆಲಸ ಶುರು ಮಾಡಿದ್ದು.

ಹಳೇ 32 ಸಿಸಿಯನ್ನು ಮಾರಲಿಲ್ಲ. ಅದಕ್ಕೆ ಮತ್ತೆ 14 ಇಂಚಿನ ಬಾರ್ ಹಾಕಿ, ಕ್ಲಚ್ ಹೊಸದು ಮಾಡಿಸಿದೆ. ಎಂಟು ಇಂಚಿಗಿಂತ ಸಣ್ಣದೆಲ್ಲ ಈಗಲೂ ಅದರದೇ ಪಾಲು. ಕೊಂಬೆ ಸವರುವುದಕ್ಕೆ ಏಳೂವರೆ ಕೆಜಿ ಎತ್ತಿಕೊಂಡು ಓಡಾಡುವುದು ಸುಮ್ನೆ ಸುಸ್ತು. ಕುಯ್ಯುವ ದಿನ ಎರಡನ್ನೂ ಒಯ್ಯುತ್ತೇನೆ. ಮಗ ಸಣ್ಣದರಲ್ಲಿ ಮುಂದೆ ಮುಂದೆ ಕೊಂಬೆ ಬಿಡಿಸುತ್ತಾ ಹೋಗುತ್ತಾನೆ, ಅವನು ಸಾಕಷ್ಟು ದೂರ ಹೋದ ಮೇಲೆ ನಾನು ಹಿಂದಿನಿಂದ ತುಂಡು ಮಾಡುತ್ತಾ ಬರುತ್ತೇನೆ.

ಜನವರಿ, ಫೆಬ್ರವರಿಯಲ್ಲಿ ಹಲಸು, ಅಕೇಶಿಯಾ ಎಲ್ಲಾ ಸೇರಿ ಹನ್ನೊಂದು ದಿನದ ಕೆಲಸ ಆಯಿತು. ಸೀಳಿ, ಅಂಗಳದ ಬಿಸಿಲಿಗೆ ಹಾಕಿ, ಮೇ ಮೂರನೇ ವಾರ ಸೌದೆ ಕೊಟ್ಟಿಗೆಗೆ ಒಟ್ಟಿದೆವು. ಕೊಟ್ಟಿಗೆ ಮಾಡಿನವರೆಗೆ ತುಂಬಿದೆ. ಹಲಸಿನ ಬುಡದ ಬೇರಿನ ಗಡ್ಡೆ ಮಾತ್ರ ಇನ್ನೂ ಅಲ್ಲೇ ಇದೆ. ಅದರ ತುಂಬ ಮಣ್ಣು, ಕಲ್ಲು. ಅದಕ್ಕೆ ಚೈನು ತಾಗಿಸುವುದಿಲ್ಲ, ಮಳೆ ಮುಗಿದ ಮೇಲೆ ಕೊಡಲಿಯೇ.